ಹುಕ್ಕೇರಿಗೆ ಹೋಗದ ಹನ್ನೆರಡು ಉತ್ತರಗಳು

“ನಮ್ಮ ಹಳ್ಳಿ ಹೆಣ್ಮಕ್ಕಳಿಗೆ ಇದು ಆಗೂ ಮಾತಲ್ಲ, ಬಿಡ್ರಿ ಟೀಚರ್,” ಎಂದವರು ನಮ್ಮ ಸಂಯೋಜಕ ಶಿವಾನಂದ ಸರ್. ಮೂರು ವರ್ಷದ ಹಿಂದಿನ ಮಾತು. ನಾನಾಗ ಮೂಡಲಗಿಯ ತರಬೇತಿ ಕೇಂದ್ರದಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವಳು ನಾನೇ ಮೊದಲು. ಇದೇ ಮಾತನ್ನು ನನಗೂ ಎಷ್ಟೋ ಜನ ಅಂದಿದ್ದರು. ಹೀಗಾಗಿ ಸರ್ ಮಾತು ಚುಚ್ಚಿತು.

ಆಡು ಸಾಕಾಣಿಕೆಯ ಕೋರ್ಸಿಗಾಗಿ ಗೋಕಾಕ, ಮೂಡಲಗಿ, ಹುಕ್ಕೇರಿಯ ಕೇಂದ್ರಗಳು ತಮ್ಮ ತಮ್ಮ ಸರ್ವರ್ ಇಟ್ಟುಕೊಂಡಿದ್ದವು. ಮೂರೂ ಸೇರಿ ಒಂದು ವಿಕೇಂದ್ರಿತ ಸೋಶಿಯಲ್ ನೆಟ್‌ವರ್ಕ್. ಎಲ್ಲರ ಬರಹವನ್ನೂ ಒಂದೇ ಕಂಪನಿ ಇಟ್ಟುಕೊಳ್ಳುವುದಿಲ್ಲ. ನಾವು ಬರೆದದ್ದು ನಮ್ಮ ಸರ್ವರ್‌ನಲ್ಲೇ ಇರುತ್ತದೆ, ಬೇರೆ ಊರಿಗೆ ಅದರ ಪ್ರತಿ ಹೋಗುತ್ತದೆ. ಯಾರಿಗೆ? ನಮ್ಮ ವ್ಯವಸ್ಥೆಯಲ್ಲಿ, ನಮ್ಮನ್ನು ಫಾಲೋ ಮಾಡುವವರಿಗೆ, ಮತ್ತೆ ಬರಹದೊಳಗೆ ಯಾರ ಖಾತೆಯ ಹೆಸರಿದೆಯೋ ಅವರಿಗೆ. ಎರಡೂ ಇಲ್ಲದಿದ್ದರೆ ಬರಹ ಊರು ಬಿಟ್ಟು ಕದಲುವುದಿಲ್ಲ.

ಹುಕ್ಕೇರಿಯ ಪಶುವೈದ್ಯ ಡಾ. ಮಲ್ಲಪ್ಪ ತಮ್ಮ ಖಾತೆಯಲ್ಲಿ ಹನ್ನೆರಡು ಪ್ರಶ್ನೆ ಹಾಕಿದ್ದರು. ಉತ್ತರಗಳನ್ನು ಅದರ ಕೆಳಗೇ ಬರೆಯಬೇಕು. ನನ್ನ ಹತ್ತಿರ ಕಲಿಯುತ್ತಿದ್ದ ಕಲ್ಲೋಳಿಯ ಶಾಂತವ್ವ ಎಲ್ಲಕ್ಕೂ ಬರೆದಳು. ಪಾಸಾದರೆ ಅವಳಿಗೆ ಊರಿನ ಪಶು ಸಹಾಯಕಿಯ ಕೆಲಸ. ಕಂಡವರ ಹೊಲದ ಕೂಲಿ ತಪ್ಪುತ್ತಿತ್ತು.

ಫಲಿತಾಂಶದ ಪಟ್ಟಿ ಹೋಗುವ ವಾರ ವೈದ್ಯರು ಫೋನ್ ಮಾಡಿದರು. “ನಿಮ್ಮ ಶಾಂತವ್ವ ಒಂದೂ ಉತ್ತರ ಬರದಿಲ್ರಿ. ಸೊನ್ನಿ ಹಾಕೇನಿ.”

“ಹನ್ನೆರಡೂ ನನ್ನ ಕಣ್ಣ ಮುಂದ ಅದಾವ್ರಿ ಸರ್!”

“ನನ್ನ ಕಣ್ಣ ಮುಂದ ಒಂದೂ ಇಲ್ಲ. ಯಾರ ಕಣ್ಣು ತೋರಸೂಣು ಈಗ?”

ಎರಡು ದಿನ ತಲೆ ಚಚ್ಚಿಕೊಂಡೆ. ಸರ್ವರ್ ಬಂದ್ ಮಾಡಿ ಮತ್ತೆ ಚಾಲೂ ಮಾಡಿದೆ. ನಾನೇ ಒಂದು ಉತ್ತರ ಬರೆದು ನೋಡಿದರೆ ಆ ಕ್ಷಣವೇ ಹುಕ್ಕೇರಿ ಮುಟ್ಟಿತು. ಉಳಿದವರದೂ ಮುಟ್ಟಿದ್ದವು. ಇವಳದ್ದೊಂದು ಮಾತ್ರ ಇಲ್ಲ. ಗೋಕಾಕದ ತಂತ್ರಜ್ಞ, “ಸರ್ವರ್ ಬರೋಬರಿ ಐತ್ರಿ, ಅಕ್ಕಾರ ಏನರ ತಪ್ಪು ಒತ್ಯಾರ,” ಎಂದು ಫೋನ್ ಇಟ್ಟ. ಪ್ರಿಂಟ್ ತೆಗೆದುಕೊಂಡು ಬಸ್ಸಿನಲ್ಲಿ ಹುಕ್ಕೇರಿಗೇ ಹೋದೆ. “ಪ್ರಿಂಟ್ ಯಾರರ ತಗೀತಾರ್ರಿ, ನೆಟ್‌ವರ್ಕಿನ್ಯಾಗ ತೋರಸ್ರಿ,” ಎಂದರು ವೈದ್ಯರು. ಶಿವಾನಂದ ಸರ್ ಅಂತೂ, “ನಾ ಹೇಳಿದ್ನಿಲ್ಲೋ?” ಎಂದು ನಕ್ಕರು. ಆ ನಗೆ ನೆನೆದರೆ ಈಗಲೂ ಮೈ ಉರಿಯುತ್ತದೆ.

ಕೊನೆಗೆ ಶಾಂತವ್ವನನ್ನು ಬಾಜೂ ಕೂರಿಸಿಕೊಂಡು, “ನನ್ನ ಮುಂದ ಒಂದು ಉತ್ತರ ಬರಿ,” ಎಂದೆ. ಉತ್ತರದ ಪೆಟ್ಟಿಗೆ ತೆರೆದ ಕೂಡಲೇ ವೈದ್ಯರ ಖಾತೆಯ ಹೆಸರು ತಾನಾಗಿಯೇ ಬಂದು ಕೂರುತ್ತದೆ. ಶಾಂತವ್ವ ಅದನ್ನು ಒಂದೊಂದೇ ಅಕ್ಷರವಾಗಿ ಅಳಿಸಿದಳು.

“ಯಾಕ ಅಳಸಿದಿ?”

ಸೆರಗು ಸರಿ ಮಾಡಿಕೊಂಡು ಸಣ್ಣ ದನಿಯಲ್ಲಿ ಅಂದಳು: “ನಮ್ಮ ಮಾವನೋರ ಹೆಸರೂ ಅದೇ ಅಲ್ರಿ. ನಾ ಹೆಂಗ ಬರೀಲಿ?”

“ಅದು ಇಂಗ್ಲಿಷಿನ್ಯಾಗ ಐತೆಲ್ಲ!”

“ಇಂಗ್ಲಿಷಿನ್ಯಾಗ ಬರದ್ರ ಅವ್ರು ಮಾವನೋರು ಅಲ್ಲೇನ್ರಿ?”

ಹೆಸರು ಅಳಿಸಿದ ಹನ್ನೆರಡೂ ಉತ್ತರ ಮೂಡಲಗಿಯಲ್ಲೇ ಉಳಿದದ್ದು ಇದಕ್ಕೇ. ನನ್ನವ್ವ ಇವತ್ತಿನ ತನಕ ಅಪ್ಪನ ಹೆಸರು ಹೇಳಿದವಳಲ್ಲ. ಅಂಥ ಮನೆಯಿಂದ ಬಂದ ನಾನು ಮೂರು ತಿಂಗಳು ಸರ್ವರ್ ಬಗ್ಗೆ ಪಾಠ ಮಾಡಿದೆ, ಅವಳ ಬೆರಳು ಏನು ಮಾಡುತ್ತಿದೆ ಎಂದು ಒಮ್ಮೆಯೂ ನೋಡಲಿಲ್ಲ. ಕಲಿಸುವವರು ಪರದೆ ನೋಡಿದರೆ ಸಾಲದು, ಕಲಿಯುವವರ ಕೈ ನೋಡಬೇಕು. ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ.

ವೈದ್ಯರು ಈಗ ಅವಳನ್ನು ಫಾಲೋ ಮಾಡಿದರೂ ಉಪಯೋಗವಿರಲಿಲ್ಲ. ಅಲ್ಲಿಂದ ಮುಂದಿನವಷ್ಟೇ ಹೋಗುತ್ತವೆ, ಹಳೆಯವಲ್ಲ. ಹೊಸದಾಗಿ ಬರೆಯೋಣವೆಂದರೆ ಗಡುವು ಮುಗಿದಿತ್ತು. ಉಳಿದದ್ದು ಒಂದೇ ದಾರಿ. ಪ್ರತಿ ಉತ್ತರದ ಲಿಂಕನ್ನು ಹುಕ್ಕೇರಿಯ ಸರ್ವರ್‌ನ ಹುಡುಕುವ ಪೆಟ್ಟಿಗೆಯಲ್ಲಿ ಹಾಕಿದರೆ, ಅದೇ ನಮ್ಮ ಸರ್ವರ್‌ಗೆ ಬಂದು ಬರಹವನ್ನು ಒಯ್ಯುತ್ತದೆ. ಹನ್ನೆರಡು ಲಿಂಕ್ ಕಳಿಸಿದೆ. ವೈದ್ಯರು ಗೊಣಗುತ್ತಲೇ ಹಾಕಿದರು. ಬರೆದ ತಾರೀಖಿನ ಸಮೇತ ಒಂದೊಂದಾಗಿ ಬಂದು ಕೂತವು. “ಹತ್ತು ಸರಿ ಅದಾವ್ರಿ. ಪಾಸ್,” ಎಂದರು. ಖಾತೆಗಳಿಗೆ ಮನುಷ್ಯರ ಹೆಸರಿನ ಬದಲು ಹುದ್ದೆಯ ಹೆಸರಿಡಿ ಎಂದು ನಾನು ಬರೆದ ಪತ್ರಕ್ಕೆ ಮಾತ್ರ ಇವತ್ತಿಗೂ ಉತ್ತರವಿಲ್ಲ.

ಹುಕ್ಕೇರಿಯಲ್ಲಿ ಡಾ. ಮಲ್ಲಪ್ಪನವರೇ ಅವಳ ಕೈಗೆ ಪ್ರಮಾಣಪತ್ರ ಕೊಟ್ಟರು. ಸಹಿಯ ಕೆಳಗೆ ‘ಪಶುವೈದ್ಯಾಧಿಕಾರಿ’ ಎಂದು ಹುದ್ದೆಯಷ್ಟೇ ಅಚ್ಚಾಗಿತ್ತು. ಅವಳ ಜೊತೆ ಬಂದಿದ್ದ, ಓದಲು ಬಾರದ ಮಾವ ಅದನ್ನು ಇಸಿದುಕೊಂಡು, ಆಚೀಚೆ ತಿರುಗಿಸಿ ನೋಡಿ ಕೇಳಿದರು: “ಇದರಾಗ ನನ್ನ ಹೆಸರು ಇಲ್ಲಲ್ಲವಾ?”

ಶಾಂತವ್ವ ಇಲ್ಲವೆಂದು ತಲೆಯಾಡಿಸಿದಳು.

“ಹಂಗಾರ ಎಲ್ಲಾರಿಗೂ ಕೇಳೂಹಂಗ ಜೋರಾಗಿ ಓದು.”