ಪಾಯಪ್ಪನ ಧರ್ಮದ ಸಾಲಿ

ಬೆಳಗಾವಿಯ ರವಿವಾರ ಪೇಟೆಯ ಒಂದು ಕಾಳಿನ ಅಂಗಡಿಯಲ್ಲಿ ಪಾಯಪ್ಪ ಅಂತ ಒಬ್ಬ ಗುಮಾಸ್ತ ಇದ್ದ. ಹುಟ್ಟಿದ್ದು ಖಾನಾಪುರದಲ್ಲಿ. ಮನೆಯೊಳಗೆ ಕನ್ನಡ, ಅಂಗಳಕ್ಕಿಳಿದರೆ ಮರಾಠಿ. ಎರಡೂ ಬರುತ್ತಿದ್ದವು, ಅದಕ್ಕೇ ಎರಡೂ ಒಂದೇ ಅಂತ ತಿಳಿದಿದ್ದ. ಅವನು ಕೆಟ್ಟದ್ದು ಅದರಿಂದಲೇ.

ಅಂಗಡಿಯ ಧಣಿ ಜಿನಪಾಲ ಶೆಟ್ಟರು. ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದ ಮರುವರ್ಷ ಅವರು ಪೇಟೆಯ ಕೆಲವು ವ್ಯಾಪಾರಸ್ಥರನ್ನು ಕೂಡಿಸಿ ವಿದ್ಯಾದಾನದ ಸಂಘ ಕಟ್ಟಿದರು. ಊರಾಗ ಸಾಲಿ ತೆರೆದರೆ ಹೊಗಳುವವರು ಯಾರು? ಜಾಂಬೋಟಿ ದಾಟಿ ಘಟ್ಟ ಇಳಿದರೆ ಪೋರ್ತುಗೀಜರ ಸೀಮೆ. ಅಲ್ಲಿಯ ಕಾಡುಹಳ್ಳಿಗಳಲ್ಲಿ ಅಕ್ಷರ ಹೇಳುವವರೇ ಇರಲಿಲ್ಲ. "ಪರದೇಶದಾಗ ನಮ್ಮ ಸಾಲಿ" ಅನ್ನುವ ಮಾತು ಶೆಟ್ಟರ ಬಾಯಿಗೆ ಬೆಲ್ಲದಷ್ಟು ಸಿಹಿಯಾಗಿತ್ತು. ಆದರೆ ಪಗಾರವಿಲ್ಲದೆ ಅಲ್ಲಿ ಹೋಗಿ ಕೂಡುವವರು ಯಾರು?

"ನಾ ಹೋಗ್ತೀನ್ರಿ" ಅಂದ ಪಾಯಪ್ಪ. ಮಕ್ಕಳಿಲ್ಲದ ಮನುಷ್ಯ. ಹುಟ್ಟಿದ್ದಕ್ಕೆ ಒಂದು ಕೂಸಿಗಾದರೂ ಓದು ಕಲಿಸಿ ಸಾಯಬೇಕು ಅನ್ನುವುದೊಂದೇ ಅವನ ಆಸೆ.

ಹೆಂಡತಿ ಕಾಂತಾ ಬುತ್ತಿ ಕಟ್ಟುತ್ತ ಚುಚ್ಚಿದಳು. "ವಿಲಾಯತಿಗೆ ಹೋದಾವ್ರು ಹ್ಯಾಟ ಹಾಕ್ಕೊಂಡ ಬರ್ತಾರ. ನೀವು ಕಾಲತುಂಬ ಜಿಗಣಿ ಹಚ್ಚಿಕೊಂಡ ಬರ್ರಿ."

ಘಟ್ಟದ ಕೆಳಗಿನ ಹಳ್ಳಿಯಲ್ಲಿ ಫೊಂಡು ಗಾವಡೆ ಅನ್ನುವ ರೈತ ದನದ ಕೊಟ್ಟಿಗೆ ಬಿಟ್ಟುಕೊಟ್ಟ. ಮಕ್ಕಳು ಬಂದರು. ಆ ಕಡೆ ಮನೆಮಾತು ಕೊಂಕಣಿಯಾದರೂ ಓದುಬರಹ ಮರಾಠಿಯಲ್ಲೇ, ಹಾಗಾಗಿ ಪಾಯಪ್ಪ ಮರಳಿನ ಮೇಲೆ ಬೆರಳಿನಿಂದ ಮರಾಠಿ ಅಕ್ಷರ ತಿದ್ದಿಸಿದ. ಎಲ್ಲರಿಗಿಂತ ಚುರುಕು ಫೊಂಡುವಿನ ಮಗಳು ಶೇವಂತಿ. ಅಕ್ಷರ ಅಷ್ಟೇ ಅಲ್ಲ, ಗುರೂಜಿ ಮಾಡಿದ್ದೆಲ್ಲ ತಾನೂ ಮಾಡುವಳು. ಪಾಯಪ್ಪ ಜೈನ. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವನು, ಹೊತ್ತು ಮುಳುಗುವುದರೊಳಗೆ ಉಣ್ಣುವನು. ಹುಡುಗಿಯೂ ನೀರು ಸೋಸಿದಳು, ಹೊತ್ತಿರುವಾಗಲೇ ಉಂಡಳು. ಆಮೇಲೆ ಒಂದು ದಿನ ತಟ್ಟೆಯೊಳಗಿನ ಮೀನು ಬಾಜು ಸರಿಸಿದಳು. ಮನೆಯವರು ಆಗ ನಕ್ಕರು.

ಬೇಸಿಗೆಗೆ ಮುಂಚೆ ಶೆಟ್ಟರು ಗಾಡಿಯಲ್ಲಿ ಒಂದು ಬೋರ್ಡು ಕಳಿಸಿದರು. ನಮ್ಮ ಕಡೆ ರೊಕ್ಕ ತಗೊಳ್ಳದೆ ಏನಾದರೂ ಕೊಟ್ಟರೆ 'ಧರ್ಮಕ್ಕ ಕೊಟ್ಟರು' ಅನ್ನುತ್ತೇವೆ. ಹಾಗೆ ಫೀ ಇಲ್ಲದ ಸಾಲಿ ಧರ್ಮದ ಸಾಲಿ. ಶೆಟ್ಟರು ಅದನ್ನೇ ಮಾತಿಗೆ ಮಾತು ಮರಾಠಿಗೆ ತಿರುಗಿಸಿ 'ಧರ್ಮಾಚೀ ಶಾಳಾ' ಅಂತ ಬರೆಸಿದ್ದರು, ಕೆಳಗೆ ಅದಕ್ಕಿಂತ ದೊಡ್ಡ ಅಕ್ಷರದಲ್ಲಿ ತಮ್ಮ ಹೆಸರು. ಪಾಯಪ್ಪ ಓದಿದ್ದು ಮರಾಠಿ, ಅವನ ಕಿವಿಗೆ ಕೇಳಿಸಿದ್ದು ಕನ್ನಡ. ಖುಷಿಯಿಂದ ಅದನ್ನು ಕೊಟ್ಟಿಗೆಯ ಬಾಗಿಲ ಮೇಲೆ ಮೊಳೆ ಹೊಡೆದು ಕೂಡಿಸಿದ.

ಸಂಜೆ ಫೊಂಡು ಗದ್ದೆಯಿಂದ ಬಂದ.

"ಓದವ್ವಾ, ನಿಮ್ಮಪ್ಪ ಕೇಳಲಿ" ಅಂದ ಪಾಯಪ್ಪ.

ಶೇವಂತಿ ಒಂದೊಂದೇ ಅಕ್ಷರ ಕೂಡಿಸಿ ಎಲ್ಲೂ ತಪ್ಪದೆ ಓದಿದಳು. ಪಾಯಪ್ಪನ ಕಣ್ಣು ತುಂಬಿದವು. ಫೊಂಡು ಮಾತ್ರ ಬೋರ್ಡನ್ನೇ ನೋಡುತ್ತ ನಿಂತ.

"ಯಾರ ಧರ್ಮ, ಗುರೂಜಿ?"

"ನಮ್ಮ ಶೆಟ್ಟರ ಧರ್ಮ" ಅಂದ ಪಾಯಪ್ಪ, ಹೆಮ್ಮೆಯಿಂದ.

ಮರುದಿನ ಒಂದು ಮಗುವೂ ಬರಲಿಲ್ಲ. ಪಾಯಪ್ಪ ಫೊಂಡುವಿನ ಮನೆಗೆ ಹೋದ. ಫೊಂಡು ಹೊಸ್ತಿಲಲ್ಲೇ ನಿಲ್ಲಿಸಿ ಮಾತಾಡಿದ. ಅವನ ಕೊಂಕಣಿಯನ್ನು ನಮ್ಮ ಮಾತಿನಲ್ಲಿ ಹೇಳಿದರೆ ಹೀಗೆ:

"ಸಮುದ್ರದ ಕಡೆ ಫಿರಂಗಿಯವರು ಧರ್ಮ ಬದಲಸಾಕ ಹತ್ತಿದಾಗ ನಮ್ಮ ಹಿರೇರು ದೇವರನ್ನ ತಲಿಮ್ಯಾಲೆ ಹೊತ್ತು ಈ ಅಡವಿಗೆ ಓಡಿಬಂದ್ರು. ಆ ಪಾದ್ರಿಗಳೂ ಮೊದಲ ಸಾಲಿನಽ ತಗದಿದ್ರಂತ."

"ನಮ್ಮ ಮಾತಿನಾಗ ಧರ್ಮ ಅಂದ್ರ ಫುಕಟ ಅಂತ ಫೊಂಡಪ್ಪಾ. ಮತ ಬದಲಸೂ ಸಾಲಿ ಅಲ್ಲ ಇದು."

"ಹಂಗಾದ್ರ ಫುಕಟ ಅಂತ ಬರಸಬೇಕಿತ್ತು. ನನ್ನ ಮಗಳು ಮೀನು ಬಿಟ್ಟಾಳ. ಅದೂ ಫುಕಟೇನು?"

ಪಾಯಪ್ಪ ಅಂದೇ ಘಟ್ಟ ಹತ್ತಿದ.

ಬೆಳಗಾವಿಗೆ ಬಂದು ಅಂಗಡಿಯಲ್ಲಿ ಶೆಟ್ಟರ ಗಾದಿಯ ಮುಂದೆ ನಿಂತ. "ಬೋರ್ಡ್ ತಗದ ಬಿಡೂಣ್ರಿ ಧಣೇರ. ಹೆಸರಽ ಇಲ್ಲದ ಸಾಲಿ ನಡಸ್ತೀನಿ. ನಿಧಾನಕ್ಕ ತಿಳೀತಾರ, ಬರ್ತಾರ."

ಶೆಟ್ಟರು ಅಡಿಕೆ ಕತ್ತರಿಸುತ್ತಿದ್ದರು. "ಹೆಸರಿಲ್ಲಂದ್ರ ಅದು ಯಾರ ಸಾಲಿ ಆತೋ? ಬಿಡು. ಖಾನಾಪುರದಾಗ ಒಂದು ಬಾವಿ ಕಟ್ಟಸೂಣು. ನೀರು ಸೇದಾವ್ರು ಅರ್ಥ ಕೇಳೂದಿಲ್ಲ."

ಗಾದಿಯ ಮೇಲೆ ಕೂತಿದ್ದ ವ್ಯಾಪಾರಸ್ಥರೆಲ್ಲ ನಕ್ಕರು.

ಆದರೂ ಪಾಯಪ್ಪ ಶೆಟ್ಟರಿಗೆ ಹೇಳದೆ ಇನ್ನೊಮ್ಮೆ ಘಟ್ಟ ಇಳಿದ. ಕೊಟ್ಟಿಗೆಯಲ್ಲಿ ದನ ಕಟ್ಟಿದ್ದರು. ಹಳ್ಳದ ದಂಡೆಯಲ್ಲಿ ಶೇವಂತಿ ಬಟ್ಟೆ ಒಗೆಯುತ್ತಿದ್ದಳು. ಅವನನ್ನು ಕಂಡವಳೇ ಬಲಗೈ ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಳು.

"ಯಾಕವ್ವಾ, ಕೈಗೆ ಏನಾತು?"

"ಅಜ್ಜಿ ಸಗಣಿ ಹಚ್ಚಿ ತೊಳೆದಾಳ ಗುರೂಜಿ. ಇನ್ನ ಬರಿಯೂದಿಲ್ಲ ಅಂತ ದೇವರ ಮುಂದ ಆಣಿ ಮಾಡಸ್ಯಾಳ."

"ಬರಿಯೂದು ಬ್ಯಾಡ. ಕಲತದ್ದು ಓದಬಹುದಲ್ಲ?"

"ಕಣ್ಣಿಗೂ ದೇವರ ನೀರು ಹಾಕಿ ತೊಳದಾರ" ಅಂದಳು ಹುಡುಗಿ. ಮನೆಯ ಕಡೆ ನೋಡಿ, ಹಿಂಡದ ಬಟ್ಟೆಯನ್ನೇ ಎತ್ತಿಕೊಂಡು ಓಡಿದಳು.

ಪಾಯಪ್ಪ ಮತ್ತೆ ಆ ಕಡೆ ಹೋಗಲಿಲ್ಲ. ಅದೇ ಅಂಗಡಿಯಲ್ಲಿ ಕಾಳು ಅಳೆಯುತ್ತ ಉಳಿದ. ಖಾನಾಪುರದಲ್ಲಿ ಬಾವಿ ಆಯಿತು. ಸಂಘ ವರ್ಷಕ್ಕೊಮ್ಮೆ ಕೂಡುತ್ತಿತ್ತು. ಆಗೆಲ್ಲ ಶೆಟ್ಟರು, "ಪರದೇಶದಾಗ ಸಾಲಿ ನಡಸಿದಾವ್ರು ನಾವು. ಪಾಯಪ್ಪಾ, ಎದ್ದ ನಿಲ್ಲು, ಮಂದಿ ನೋಡಲಿ" ಅನ್ನುವರು. ಪಾಯಪ್ಪ ಎದ್ದು ನಿಲ್ಲುತ್ತಿದ್ದ. ಜನ ಚಪ್ಪಾಳೆ ಹೊಡೆಯುತ್ತಿದ್ದರು. "ಕುಂದರು" ಅಂದಾಗ ಕೂಡುತ್ತಿದ್ದ.