ಮೊದಲು ಓಡೋದು ಕಲೀರಿ

ಬಾಳೂರಿನ ಕಾಫಿ ಎಸ್ಟೇಟಲ್ಲಿ ನಾನು ಕಾಫಿಗೆ ನೆರಳು ಕೊಡೋ ಸಿಲ್ವರ್ ಮರ ಕಡಿಯೋ ಗ್ಯಾಂಗಿನಲ್ಲಿದ್ದೆ. ನಮಗೇ ಮರ ಕಡಿಯೋ ಟ್ರೈನಿಂಗ್ ಕೊಡ್ತೀನಿ ಅಂತ ಒಬ್ಬರು ಬಂದ್ರು! ಬಂದವರು ಗರಗಸದ ಮೆಷಿನ್ ಮುಟ್ಟೋಕೇ ಬಿಡಲಿಲ್ಲ. "ಮರ ಬೀಳುವಾಗ ಎಲ್ಲಿಗೆ ಓಡ್ತೀರಿ, ತೋರಿಸಿ" ಅಂದ್ರು.

ನಮ್ಮ ಮಂಜಪ್ಪ ಮೇಸ್ತ್ರಿಗೆ ಉರಿದುಹೋಯ್ತು. "ಯಾಕೆ ಓಡ್ಬೇಕು? ಮರ ಇಳಿಜಾರಿನ ಕೆಳಕ್ಕೆ ಬೀಳುತ್ತೆ, ನಾನು ಹಿಂದೆ ನಿಂತು ಎಲೆ ಅಡಿಕೆ ಹಾಕ್ತೀನಿ!"

ಅವರು ನಗಲಿಲ್ಲ. ಮರದ ಬುಡದಿಂದ ಓರೆಯಾಗಿ ಹಿಂದಕ್ಕೆ ಗಿಡಗಂಟಿ ಸವರಿಸಿ ದಾರಿ ಮಾಡಿಸಿ, ನಮ್ಮನ್ನೆಲ್ಲ ಮತ್ತೆ ಮತ್ತೆ ಅದರಲ್ಲೇ ಓಡಿಸಿದ್ರು. ಕಾಫಿ ಹಣ್ಣು ಕುಯ್ಯೋ ಹೆಂಗಸರು ಕೆಲಸ ಬಿಟ್ಟು ನಕ್ಕಿದ್ದೇ ನಕ್ಕಿದ್ದು.

ಆಮೇಲೆ ಮರಕ್ಕೆ ಮೆಷಿನ್ ಇಟ್ಟೆವು. ಮರ ವಾಲಿದ್ದೇ ತಡ, "ಓಡಿ!" ಅಂದ್ರು. ಓಡಿದೆವು. ತುದಿ ಕೆಳಗಿನ ಹಲಸಿನ ಮರಕ್ಕೆ ಬಡಿದು, ಕಡಿದ ಬುಡ ಎಗರಿ ಹಿಂದಕ್ಕೆ ನುಗ್ಗಿತು. ಮೇಸ್ತ್ರಿ ದಿನಾ ನಿಲ್ಲೋ ಜಾಗಕ್ಕೇ! ಎಲ್ಲರೂ ಬದುಕಿದ್ದೀವಲ್ಲ ಅಂತ ಕುಣಿದಾಡಿಬಿಟ್ವಿ. "ಇನ್ನೊಂದು ಸಲ ಓಡಿಸಿ ಸಾರ್" ಅಂದವರು ಯಾರು ಗೊತ್ತಾ? ಮಂಜಪ್ಪ ಮೇಸ್ತ್ರಿನೇ.

ಈಗ ಮದುವೆ ಊಟಕ್ಕೆ ಹೋದ್ರೂ ಆ ಮೇಸ್ತ್ರಿ ಮಾರಾಯ್ರು, ಎದ್ದು ಓಡೋಕೆ ದಾರಿ ಎಲ್ಲಿದೆ ಅಂತ ನೋಡ್ಕೊಂಡೇ ಎಲೆ ಮುಂದೆ ಕೂರೋದು.