ಸೌನಾ ಕೋಣೆಯ ಉತ್ತರದ ಗೋಡೆ

ಸರೋವರದ ದಡದ ಬಂದರು ಊರು ಡುಲುತ್‌ನ ಇಳಿಜಾರಿನಲ್ಲಿ ಸೈಮಾ ಲುವೊಮಾಳ ಮನೆ. ಅದರ ನೆಲಮಾಳಿಗೆಯಲ್ಲಿ ಒಂದು ಸೌನಾ ಕೋಣೆ. ಶನಿವಾರ ಸಂಜೆ ಒಲೆಯ ಕಲ್ಲು ಕಾಯಿಸಿ, ನೀರೆರಚಿ, ಆ ಹಬೆಯಲ್ಲಿ ಕೂತರೇನೇ ಅವಳ ಗಂಡ ಉರ್ಹೊ ಭಾನುವಾರ ಚರ್ಚಿನಲ್ಲಿ ಸೊಂಟ ನೆಟ್ಟಗೆ ಮಾಡಿ ಕೂರಬಲ್ಲ. ನಲವತ್ತು ವರ್ಷ ಹಡಗುಗಳಿಗೆ ಅದಿರು ತುಂಬಿದ ಸೊಂಟ ಅದು.

ಎರಡು ವರ್ಷದಿಂದ ಕೋಣೆಯ ಉತ್ತರದ ಗೋಡೆ ಒದ್ದೆ. ಸೌನಾ ಗೋಡೆ ಒದ್ದೆಯಾದರೆ ಅಲ್ಲಿಯವರು ಬೈಯುವುದು ಹಬೆಯನ್ನೇ. ಸೈಮಾ ಒಳಗಿನಿಂದ ಎರಡು ಸಲ ಬಣ್ಣ ಬಳಿದಳು. ಕಲ್ಲಿಗೆ ನೀರೆರಚುವ ಸೌಟನ್ನು ಗಂಡನ ಕೈಯಿಂದ ಕಸಿದಳು.

"ಒಂದೇ ಸೌಟು. ಸಾಕು."

"ಇದೇನು ಸೌನಾನೋ, ಬ್ರೆಡ್ ಸುಡೋ ಒಲೇನೋ?"

ಈ ಮೇ ತಿಂಗಳಲ್ಲಿ ಗೋಡೆಗೆ ಹೊದಿಸಿದ್ದ ಹಲಗೆ ಕಿತ್ತು ನೋಡಿದರೆ ಹಿಂದಿನ ಮರದ ಚೌಕಟ್ಟೇ ಕೊಳೆತಿತ್ತು. ಹೀಗೇ ಬಿಟ್ಟರೆ ಕೋಣೆ ಚಳಿಗಾಲ ದಾಟುವುದಿಲ್ಲ. ಸೈಮಾ ಬರಿಗೋಡೆಗೆ ಒಂದು ಪ್ಲಾಸ್ಟಿಕ್ ಹಾಳೆ ಇಟ್ಟು ಸುತ್ತ ಟೇಪು ಅಂಟಿಸಿದಳು. ಎರಡು ವಾರ ಒಲೆ ಹಚ್ಚಲಿಲ್ಲ. ಹಾಳೆಯ ಮುಂಭಾಗ ಒಣಗಿಯೇ ಇತ್ತು. ಹಿಂಭಾಗದಲ್ಲಿ, ಗೋಡೆಯ ಕಡೆಗೆ, ನೀರು ಹನಿಗಟ್ಟಿತ್ತು.

"ಹಬೆ ಅಲ್ಲ ಉರ್ಹೊ, ಹೊರಗಿನ ಮಣ್ಣಿನ ನೀರು. ಸುಮ್ಮನೆ ನಿನ್ನ ಬೈದೆ."

"ಎರಡು ವರ್ಷದ ಹಬೆ ಯಾರು ವಾಪಸ್ ಕೊಡ್ತಾರೆ?"

ಮರುದಿನವೇ ಅವಳು ಗುದ್ದಲಿ ಹಿಡಿದು ಹೊರಗೆ ಅಗೆಯತೊಡಗಿದಳು. ಕೆಂಪು ಜೇಡಿಮಣ್ಣು, ನಡುನಡುವೆ ಕಲ್ಲು. ಪಕ್ಕದ ಮನೆಯ ರೇನೋ ಬೇಲಿಗೆ ಒರಗಿ ನಿಂತ.

"ಏನ್ ಸೈಮಾ, ಉರ್ಹೊನ್ನ ಇಲ್ಲೇ ಹೂಳ್ತೀಯಾ?"

"ಅವನಿಗೆ ಇಷ್ಟು ಉದ್ದ ಬೇಡ. ನಿನಗೆ ಸರಿಹೋಗುತ್ತೆ, ಇಳಿದು ನೋಡು."

ರೇನೋ ನಗುತ್ತ ಹೋಗಿ ತನ್ನ ಗುದ್ದಲಿ ತಂದ. ಗೋಡೆಯನ್ನು ಪೂರ್ತಿ ಬರಿದು ಮಾಡದೆ ಒಂದೊಂದೇ ಮಾರು ಅಗೆದರು. ಮಣ್ಣು ಕುಸಿಯದಂತೆ ಹಲಗೆ ಆನಿಸಿದರು. ಹಳ್ಳಕ್ಕೆ ಇಳಿಯುವ ಮೊದಲು ಸೈಮಾ ದಿನವೂ ಒಂದು ಕ್ಷಣ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದಳು. ಬಿರುಕುಗಳಿಗೆ ಸಿಮೆಂಟು ತುಂಬಿ, ಎರಡು ಸಲ ಡಾಂಬರು ಬಳಿದು, ಅದರ ಮೇಲೆ ದಪ್ಪ ಹಾಳೆ ಹೊದಿಸಿದಳು. ನೀರು ಹರಿದುಹೋಗಲು ಬುಡದಲ್ಲಿ ತೂತಿನ ಪೈಪನ್ನು ಇಳಿಜಾರಿಗೆ ಹಾಯಿಸಿ, ಜಲ್ಲಿ ಸುರಿದು ಮುಚ್ಚಿದಳು. ಒಳಗೆ ರೇನೋ ಹೊಸ ಚೌಕಟ್ಟು ಕೂರಿಸಿದ. ಅಷ್ಟರಲ್ಲಿ ಆಗಸ್ಟ್ ಮುಗಿದಿತ್ತು.

ಸೆಪ್ಟೆಂಬರಿನಲ್ಲಿ ಮೂರು ದಿನ ಬಿಡದೆ ಮಳೆ. ಶನಿವಾರ ಸೈಮಾ ಕೆಳಗಿಳಿದು ಗೋಡೆಯುದ್ದಕ್ಕೂ ಅಂಗೈ ಆಡಿಸಿದಳು. ಒಣಗಿತ್ತು. ಕಿಟಕಿಯ ಮೂಲೆಯಲ್ಲಿ ಮಾತ್ರ ಅಂಗೈಯಗಲ ತೇವ.

"ಇಲ್ಲಿನ್ನೂ ಅಗೀಬೇಕು," ಎಂದಳು, ಕಾದ ಒಲೆಯ ಬಳಿ ನಿಂತಿದ್ದ ಉರ್ಹೊಗೆ.

"ಬೇಸಿಗೇಲಿ ಅಗಿ. ಈಗ ನನ್ನನ್ನ ಮೇಲಿನ ಬೆಂಚಿಗೆ ಹತ್ತಿಸು."

ಸೈಮಾ ಭುಜ ಕೊಟ್ಟು ಹತ್ತಿಸಿದಳು.